ವಿದ್ಯಾಪೀಠವೂ ಅದರ ನೆರೆಕರೆಯೂ

ವಿಶ್ವವಿದ್ಯಾನಿಲಯವೆಂದರೆ ಎತ್ತರದ ಕಟ್ಟಡ, ಗ್ರಂಥಾಲಯ, ಪರೀಕ್ಷೆ, ಪದವಿ ಪ್ರದಾನದ ದಿನದ ಕರಿಯ ನಿಲುವಂಗಿ ಎಂದು ತಿಳಿದವರೇ ನಮ್ಮಲ್ಲಿ ಹೆಚ್ಚು. ಒಳಗೆ ನಡೆಯುವ ಪಾಠಕ್ಕೂ ಪಾಗಾರದ ಆಚೆ ಬಾಳುವವರ ಸುಖದುಃಖಕ್ಕೂ ಸಂಬಂಧವುಂಟೇ ಎಂದು ಕೇಳುವವರು ಕಡಿಮೆ. ಕೋಶ ಓದು, ದೇಶ ಸುತ್ತು ಎಂದು ಹಿರಿಯರು ಹೇಳಿದ್ದುಂಟು. ದೇಶ ಸುತ್ತುವ ಮೊದಲು ಪಾಗಾರ ದಾಟಿ ನೆರೆಕರೆಯನ್ನು ನೋಡಿ ಬಾ ಎಂದು ವಿದ್ಯಾರ್ಥಿಗೆ ಹೇಳಿದ ವಿದ್ಯಾಸಂಸ್ಥೆಗಳು ಮಾತ್ರ ವಿರಳ.

ಅಂಥ ಸಂಸ್ಥೆಯೊಂದು ಮುಂಬಯಿಯಲ್ಲಿದೆ. ಟಾಟಾ ಇನ್‌ಸ್ಟಿಟ್ಯೂಟ್ ಆಫ್ ಸೋಶಿಯಲ್ ಸಾಯನ್ಸಸ್ ಎಂದು ಅದರ ಹೆಸರು. ಮುಂಬಯಿ ನಮ್ಮ ಓದುಗರಿಗೆ ಪರವೂರಲ್ಲ. ಹಗಲು ಹೊಟೇಲಿನಲ್ಲಿ ದುಡಿದು ರಾತ್ರಿ ಶಾಲೆಯಲ್ಲಿ ಅಕ್ಷರ ಕಲಿತವರ ಕತೆ ಕರಾವಳಿಯ ಎಷ್ಟೋ ಮನೆಗಳಲ್ಲಿ ಇಂದಿಗೂ ಕೇಳಸಿಗುತ್ತದೆ. ಆ ಮಹಾನಗರ ಬಡವನಿಗೆ ಅನ್ನ ಕೊಟ್ಟಿತು, ತಲೆಯ ಮೇಲೊಂದು ಸೂರು ಕೊಡಲು ಮಾತ್ರ ಹಿಂದೆ ಮುಂದೆ ನೋಡಿತು. ಈ ಕೊರತೆಯನ್ನು ಪಾಠದ ವಿಷಯವನ್ನಾಗಿ ಮಾಡಿಕೊಂಡು, ಆ ಪಾಠದಿಂದ ನಗರಕ್ಕೂ ಏನಾದರೂ ಸಿಗುವಂತೆ ಮಾಡಿದ ಸಂಸ್ಥೆಯ ವಿಚಾರವನ್ನು ಇಂದು ಓದುಗರ ಮುಂದಿಡಬೇಕೆಂದು ನಮಗೆ ಅನಿಸಿದೆ.

ಕೆಡವುವ ಮೊದಲು ನೋಡು

ಮುಂಬಯಿಯಲ್ಲಿ ಮೊದಲ ಹತ್ತಿ ಗಿರಣಿ ಸ್ಥಾಪನೆಯಾದುದು 1854ರಲ್ಲಿ. ಮುಂದಿನ ನಾಲ್ಕು ದಶಕಗಳಲ್ಲಿ ಗಿರಣಿಗಳ ಸಾಲು ಬೆಳೆಯಿತು; ಗಿರಣಿಯಾಳುಗಳ ಚಾಳುಗಳೂ ಬೆಳೆದುವು. ಒಂದೊಂದು ಕೋಣೆಯಲ್ಲಿ ಒಂದೊಂದು ಸಂಸಾರ, ಮಹಡಿಗೊಂದು ನಲ್ಲಿ, ಬೆಳಕು ಕಾಣದ ಓಣಿ. 1896ರಲ್ಲಿ ಪ್ಲೇಗು ಬಂದಾಗ ಈ ಇಕ್ಕಟ್ಟಿನ ಬೆಲೆ ಏನೆಂಬುದು ಆಳುವವರಿಗೂ ಗೊತ್ತಾಯಿತು. 1898ರಲ್ಲಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಎಂಬ ಮಂಡಳಿ ಹುಟ್ಟಿಕೊಂಡಿತು. ಅದು ಹಳೆಯ ವಠಾರಗಳನ್ನು ಕೆಡವಿ ಅಗಲವಾದ ರಸ್ತೆಗಳನ್ನು ಮಾಡಿತು. ಆದರೆ ಮನೆ ಕೆಡವಿದಷ್ಟು ವೇಗವಾಗಿ ಹೊಸ ಮನೆಗಳು ಏಳಲಿಲ್ಲ. ಒಕ್ಕಲೆದ್ದವರು ಪಕ್ಕದ ಓಣಿಗೆ ಹೋಗಿ ಅಲ್ಲಿಯ ಇಕ್ಕಟ್ಟನ್ನು ಹೆಚ್ಚಿಸಿದರು. ಟ್ರಸ್ಟು ಮೊದಮೊದಲು ಕೈಯಿಟ್ಟ ಕಡೆಗಳಲ್ಲಿ ಬೈಕಲಾ ಸಮೀಪದ ನಾಗಪಾಡವೂ ಒಂದು. ಈ ಹೆಸರನ್ನು ಓದುಗರು ನೆನಪಿನಲ್ಲಿಡಬೇಕು.

ನಗರವನ್ನು ಹೀಗೆ ಕಡಿದು ಕೆಡವುವುದು ಸರಿಯಾದ ದಾರಿಯಲ್ಲವೆಂದು ಹೇಳಿದವರಲ್ಲಿ ಪ್ಯಾಟ್ರಿಕ್ ಗೆಡಿಸ್ ಪ್ರಮುಖರು. ಸ್ಕಾಟ್ಲೆಂಡಿನ ಈ ವಿದ್ವಾಂಸರು ಮೂಲತಃ ಜೀವಶಾಸ್ತ್ರಜ್ಞರು. ಎಡಿನ್‌ಬರೋ ನಗರದ ಹಳೆಯ ಪೇಟೆಯ ಬಡ ವಠಾರವೊಂದರಲ್ಲಿ ಹೆಂಡತಿಯೊಡನೆ ಬಿಡಾರ ಹೂಡಿ, ನೆರೆಕರೆಯವರನ್ನು ಕೂಡಿಸಿಕೊಂಡು ಆ ವಠಾರವನ್ನು ಸುಧಾರಿಸಿದವರು. 1914ರಲ್ಲಿ ಭಾರತಕ್ಕೆ ಬಂದ ಅವರು ಇಲ್ಲಿಯ ಅನೇಕ ಪಟ್ಟಣಗಳನ್ನು ಕಾಲ್ನಡೆಯಲ್ಲಿ ಸುತ್ತಿ ವರದಿಗಳನ್ನು ಬರೆದರು. ಯೋಜನೆಗೆ ಮೊದಲು ಸಮೀಕ್ಷೆ ಬೇಕು. ವೈದ್ಯನು ಬೇಕಾದಷ್ಟೇ ಕೊಯ್ದು ಉಳಿದ ದೇಹವನ್ನು ಕಾಪಾಡುವಂತೆ, ಬೀಳುವಂಥ ಒಂದೆರಡು ಮನೆಗಳನ್ನು ಮಾತ್ರ ತೆಗೆದು ಗಾಳಿ ಬೆಳಕಿಗೆ ಅಂಗಳ ಮಾಡಿಕೊಟ್ಟು ಉಳಿದುದನ್ನು ರಿಪೇರಿ ಮಾಡಬೇಕು ಎಂಬುದು ಅವರ ವಾದ. ಹಾಗೆ ಮಾಡಿದರೆ ಖರ್ಚೂ ಕಡಿಮೆ, ಬಡವನು ಬೀದಿಗೆ ಬೀಳುವುದೂ ತಪ್ಪುತ್ತದೆ. 1919ರಲ್ಲಿ ಮುಂಬಯಿ ವಿಶ್ವವಿದ್ಯಾನಿಲಯವು ಸಮಾಜಶಾಸ್ತ್ರ ಮತ್ತು ಪೌರಶಾಸ್ತ್ರ ವಿಭಾಗವನ್ನು ತೆರೆದಾಗ ಅದರ ಮೊದಲ ಪ್ರಾಧ್ಯಾಪಕರಾಗಿ ಬಂದವರು ಗೆಡಿಸ್ ಅವರೇ. ನಗರವನ್ನು ಓದುವುದೂ ವಿಶ್ವವಿದ್ಯಾನಿಲಯದ ಕೆಲಸ ಎಂಬ ಮಾತಿಗೆ ನಮ್ಮ ದೇಶದಲ್ಲಿ ಅಂದು ಮುದ್ರೆ ಬಿದ್ದಂತಾಯಿತು.

ನಾಗಪಾಡದ ನೆರೆಕರೆ ಮನೆ

ನಗರವನ್ನು ಓದಿದರೆ ಸಾಕೇ? ಓದಿದವನು ಅಲ್ಲಿ ಇರಬೇಡವೇ? ಈ ಪ್ರಶ್ನೆ ಮೊದಲು ಎದ್ದುದು ಲಂಡನಿನಲ್ಲಿ. ಅಲ್ಲಿಯ ಪೂರ್ವ ಭಾಗದ ಬಡಕೇರಿಯಲ್ಲಿ 1884ರಲ್ಲಿ ಟೋಯಿನ್‌ಬಿ ಹಾಲ್ ಎಂಬ ಮನೆ ತೆರೆಯಿತು. ಆಕ್ಸ್‌ಫರ್ಡ್, ಕೇಂಬ್ರಿಡ್ಜ್ ವಿಶ್ವವಿದ್ಯಾನಿಲಯಗಳ ತರುಣರು ಅಲ್ಲಿ ಬಂದು ವಾಸಿಸಿ ಬಡವರ ನೆರೆಯವರಾಗಿ ಬಾಳಬೇಕು ಎಂಬುದು ಉದ್ದೇಶ. 1889ರಲ್ಲಿ ಅಮೆರಿಕದ ಶಿಕಾಗೋ ನಗರದಲ್ಲಿ ಜೇನ್ ಆ್ಯಡಮ್ಸ್ ಎಂಬ ಮಹಿಳೆ ತಮ್ಮ ಗೆಳತಿಯೊಡನೆ ಹಲ್ ಹೌಸನ್ನು ತೆರೆದರು. ಅದೇ ಶಿಕಾಗೋದಲ್ಲಿ ಓದಿದ ಕ್ಲಿಫರ್ಡ್ ಮ್ಯಾನ್ಸ್‌ಹಾರ್ಟ್ ಎಂಬವರು 1920ರ ದಶಕದ ನಡುವಿನಲ್ಲಿ ಮುಂಬಯಿಗೆ ಬಂದು, ನಾಗಪಾಡದಲ್ಲಿ ಒಂದು ನೆರೆಕರೆ ಮನೆಯನ್ನು ಸ್ಥಾಪಿಸಿದರು. ಇಂಗ್ಲಿಷಿನಲ್ಲಿ ನಾಗಪಾಡ ನೇಬರ್‌ಹುಡ್ ಹೌಸ್ ಎಂದು ಅದರ ಹೆಸರು. ಮುಸ್ಲಿಮರು, ಯಹೂದಿಗಳು, ಕ್ರೈಸ್ತರು, ಹಿಂದೂಗಳು ಒತ್ತೊತ್ತಾಗಿ ವಾಸಿಸುತ್ತಿದ್ದ ಕೇರಿ ಅದು.

ಒಳ್ಳೆಯ ಮನಸ್ಸು ಇದ್ದ ಮಾತ್ರಕ್ಕೆ ಈ ಕೆಲಸ ಆಗದು, ಇದಕ್ಕೆ ತರಬೇತು ಬೇಕೆಂದು ಮ್ಯಾನ್ಸ್‌ಹಾರ್ಟ್ ಅವರಿಗೆ ಅನಿಸಿತು. 1932ರಲ್ಲಿ ತೀರಿಕೊಂಡ ಸರ್ ದೊರಾಬ್ಜಿ ಟಾಟಾ ಅವರ ಆಸ್ತಿಯಿಂದ ಹುಟ್ಟಿದ ಟ್ರಸ್ಟು ಹಣ ಒದಗಿಸಿತು. 1936ರಲ್ಲಿ ನಾಗಪಾಡದ ಅದೇ ಮನೆಯಲ್ಲಿ ಸರ್ ದೊರಾಬ್ಜಿ ಟಾಟಾ ಗ್ರಾಜುಯೇಟ್ ಸ್ಕೂಲ್ ಆಫ್ ಸೋಶಿಯಲ್ ವರ್ಕ್ ಆರಂಭವಾಯಿತು. ಮೊದಲ ತಂಡದಲ್ಲಿ ಇದ್ದವರು 20 ಮಂದಿ. ಸಮಾಜಕಾರ್ಯವನ್ನು ಒಂದು ವೃತ್ತಿಯಾಗಿ ಕಲಿಸುವ ಶಾಲೆ ಇಡೀ ದೇಶದಲ್ಲಿ ಅದೇ ಮೊದಲನೆಯದು.

ಮ್ಯಾನ್ಸ್‌ಹಾರ್ಟ್ ಅವರ ಬಳಿಕ ಜೆ.ಎಂ. ಕುಮಾರಪ್ಪನವರು ನಿರ್ದೇಶಕರಾದರು. ಗಾಂಧೀಜಿಯವರ ಒಡನಾಡಿ, ಗ್ರಾಮೋದ್ಯೋಗದ ಅರ್ಥಶಾಸ್ತ್ರಜ್ಞ ಜೆ.ಸಿ. ಕುಮಾರಪ್ಪನವರ ಅಣ್ಣ ಇವರು. 1944ರಲ್ಲಿ ಶಾಲೆಗೆ ಈಗಿನ ಹೆಸರು ಬಂತು. 1954ರಲ್ಲಿ ಅದು ನಗರದ ಈಶಾನ್ಯ ಮೂಲೆಯ ದೇವನಾರಕ್ಕೆ ಸ್ಥಳಾಂತರಗೊಂಡಿತು. ಆ ಹೊತ್ತಿಗೆ ಚುಕ್ಕಾಣಿ ಹಿಡಿದವರು ಮೈಸೂರಿನಲ್ಲಿ ಬಹುಕಾಲ ತತ್ತ್ವಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎ.ಆರ್. ವಾಡಿಯಾ ಅವರೆಂಬುದನ್ನು ಕನ್ನಡಿಗರು ಸ್ಮರಿಸಬೇಕು. 1964ರಲ್ಲಿ ವಿಶ್ವವಿದ್ಯಾನಿಲಯ ಧನ ಸಹಾಯ ಆಯೋಗದ ಕಾಯಿದೆಯಂತೆ ಅದಕ್ಕೆ ವಿಶ್ವವಿದ್ಯಾನಿಲಯದ ಸ್ಥಾನಮಾನ ದೊರೆಯಿತು.

ಎರಡು ದಿನ ಬೀದಿಯ ಪಾಠ

ಇಂಥ ಶಾಲೆಗಳಲ್ಲಿ ಕಲಿಸುವ ಕ್ರಮವೇ ಬೇರೆ. ವಾರದಲ್ಲಿ ಎರಡು ದಿನ ವಿದ್ಯಾರ್ಥಿ ತರಗತಿಗೆ ಬರುವುದಿಲ್ಲ. ಆಸ್ಪತ್ರೆಗೋ ಬಾಲಮಂದಿರಕ್ಕೋ ಸೆರೆಮನೆಗೋ ಝೋಪಡಪಟ್ಟಿಗೋ ಹೋಗಬೇಕು. ಇದಕ್ಕೆ ಕ್ಷೇತ್ರಕಾರ್ಯವೆಂದು ಹೆಸರು. ಅಲ್ಲಿ ಕಂಡುದನ್ನು, ಆಡಿದ ಮಾತನ್ನು, ತಾನು ಮಾಡಿದ್ದನ್ನು ದಿನದಿನವೂ ಬರೆದಿಡಬೇಕು. ಅಧ್ಯಾಪಕರು ಅದನ್ನು ಓದಿ, ಎದುರಿಗೆ ಕೂರಿಸಿಕೊಂಡು, ಅವನು ಹಾಗೇಕೆ ಹೇಳಿದ, ಅವಳು ಇದನ್ನೇಕೆ ಕೇಳಲಿಲ್ಲ ಎಂದು ವಿಚಾರಿಸುತ್ತಾರೆ. ಪರೀಕ್ಷೆಯ ಅಂಕಗಳಲ್ಲಿ ಇದಕ್ಕೂ ಪಾಲುಂಟು.

ಮೇಲುನೋಟಕ್ಕೆ ಇದು ಸಣ್ಣ ಏರ್ಪಾಡು. ಆದರೆ ಇದರಲ್ಲಿ ಒಂದು ಮರ್ಮವಿದೆ. ಸಮೀಕ್ಷೆಗೆಂದು ಒಮ್ಮೆ ಬಂದು ಹೋಗುವವನಿಗೆ ಮನೆಯವರು ಏನನ್ನಾದರೂ ಹೇಳಿ ಸಾಗಹಾಕಬಹುದು. ಬರುವ ವಾರವೂ ಅದೇ ಬಾಗಿಲಿಗೆ ಬರಬೇಕಾದವನಿಗೆ ಹಾಗೆ ಆಗುವುದಿಲ್ಲ. ರೇಶನ್ ಕಾರ್ಡು ಮಾಡಿಸಿಕೊಡುತ್ತೇನೆಂದು ಅವನು ಮಾತು ಕೊಟ್ಟಿದ್ದರೆ ಮುಂದಿನ ವಾರ ಅದಕ್ಕೆ ಉತ್ತರ ಹೇಳಬೇಕು. ಮರಳಿ ಹೋಗುವ ಈ ಹಂಗಿನಿಂದಲೇ ಮುಂದೆ ಹೇಳುವ ಕೆಲಸಗಳೆಲ್ಲ ಹುಟ್ಟಿದುವೆಂದು ನಮ್ಮ ಅಭಿಪ್ರಾಯ.

ಶಾಲೆ ತೆರೆದ ಮರುವರ್ಷವೇ, 1937ರಲ್ಲಿ, ಮಕ್ಕಳ ಮನೋವಿಕಾಸಕ್ಕೆ ಸಲಹೆ ಕೊಡುವ ಚಿಕಿತ್ಸಾಲಯವೊಂದು ಆರಂಭವಾಯಿತು. 1946ರಲ್ಲಿ ಮುಂಬಯಿಯ ಜೆ.ಜೆ. ಆಸ್ಪತ್ರೆಯಲ್ಲಿ ದೇಶದ ಮೊದಲ ವೈದ್ಯಕೀಯ ಸಮಾಜಕಾರ್ಯಕರ್ತರ ನೇಮಕವಾಯಿತು. ರೋಗಿಗೆ ಔಷಧ ಬರೆದುಕೊಟ್ಟರೂ ಅದನ್ನು ಕೊಳ್ಳಲು ಅವನ ಬಳಿ ಹಣವಿದೆಯೇ, ಗಿರಣಿಯಲ್ಲಿ ರಜೆ ಸಿಗುತ್ತದೆಯೇ, ಮನೆಯಲ್ಲಿ ಮಕ್ಕಳಿಗೆ ಅಡುಗೆ ಮಾಡಿ ಹಾಕುವವರಾರು ಎಂದು ವಿಚಾರಿಸಲು ಆಸ್ಪತ್ರೆಯಲ್ಲಿ ಒಂದು ಜನ ಬೇಕೆಂಬುದು ಅಂದಿಗೆ ಹೊಸ ವಿಚಾರವೇ ಸರಿ. 1947ರಲ್ಲಿ ದೇಶ ಇಬ್ಭಾಗವಾಗಿ ನಿರಾಶ್ರಿತರ ಮಹಾಪ್ರವಾಹ ಬಂದಾಗ ಈ ಸಂಸ್ಥೆಯವರು ಕುರುಕ್ಷೇತ್ರದ ಶಿಬಿರಕ್ಕೆ ಹೋಗಿ ದುಡಿದರು.

ಠಾಣೆಯೊಳಗೊಂದು ಕೋಣೆ

1980ರ ದಶಕದ ಆರಂಭದಲ್ಲಿ ವರದಕ್ಷಿಣೆಯ ಸಾವುಗಳು ಪತ್ರಿಕೆಗಳಲ್ಲಿ ದಿನನಿತ್ಯದ ಸುದ್ದಿಯಾಗಿದ್ದುವು. 1983ರಲ್ಲಿ ದಂಡ ಸಂಹಿತೆಗೆ 498ಎ ಎಂಬ ಕಲಮು ಸೇರಿ, ಗಂಡನಿಂದಲೂ ಅವನ ಮನೆಯವರಿಂದಲೂ ಆಗುವ ಕ್ರೌರ್ಯ ಅಪರಾಧವಾಯಿತು. ಕಾಯಿದೆಯೇನೋ ಬಂತು. ಪೆಟ್ಟು ತಿಂದ ಹೆಂಗಸು ಪೋಲೀಸ್ ಠಾಣೆಯ ಮೆಟ್ಟಿಲು ಹತ್ತಿದರೆ ಕೇಳುವವರು ಯಾರು? ಮನೆಯ ಜಗಳ, ಮನೆಯಲ್ಲೇ ತೀರಿಸಿಕೊಳ್ಳಮ್ಮ ಎಂದು ಹಿಂದಕ್ಕೆ ಕಳುಹಿಸುವ ರೂಢಿಯನ್ನು ಕಾಣದವರು ಯಾವ ಊರಿನಲ್ಲೂ ಇರಲಾರರು.

1984ರಲ್ಲಿ ಟಾಟಾ ಸಂಸ್ಥೆಯು ಮುಂಬಯಿ ಪೋಲೀಸರ ಒಪ್ಪಿಗೆ ಪಡೆದು, ಕಮಿಶನರ್ ಕಚೇರಿಯೊಳಗೇ ಮಹಿಳೆಯರು ಮತ್ತು ಮಕ್ಕಳಿಗಾಗಿ ವಿಶೇಷ ವಿಭಾಗವೊಂದನ್ನು ತೆರೆಯಿತು. ಒಂದು ಕೋಣೆ, ಒಂದು ಮೇಜು, ತರಬೇತಾದ ಸಮಾಜಕಾರ್ಯಕರ್ತೆಯರು. ಬಂದವಳ ಮಾತನ್ನು ಮೊದಲು ಪೂರ್ತಿ ಕೇಳುವುದು, ಅವಳಿಗೆ ಏನು ಬೇಕೆಂದು ಅವಳಿಂದಲೇ ತಿಳಿಯುವುದು, ದೂರು ಬರೆಸಬೇಕಾದರೆ ಜೊತೆಗೆ ನಿಲ್ಲುವುದು, ಅವಳ ಒಡವೆ, ಪಾತ್ರೆ, ದಾಖಲೆ ಪತ್ರಗಳನ್ನು ಗಂಡನ ಮನೆಯಿಂದ ಹಿಂದಕ್ಕೆ ತರಿಸಿಕೊಡುವುದು, ಇಳಿದುಕೊಳ್ಳಲು ನೆಲೆಯಿಲ್ಲದಿದ್ದರೆ ನೆಲೆ ಹುಡುಕುವುದು ಅವರ ಕೆಲಸ. ಠಾಣೆಯ ಹೊರಗಿನ ಸಂಘಗಳು ಹೇಳಿದರೆ ಕಿವಿಗೊಡದವರು ಠಾಣೆಯ ಒಳಗಿನವರ ಮಾತಿಗೆ ಕಿವಿಗೊಡುತ್ತಾರೆ ಎಂಬ ಲೆಕ್ಕಾಚಾರ ಇದರ ಹಿಂದಿತ್ತು. ಅದು ಫಲಿಸಿತು. ಮುಂದೆ ಮಹಾರಾಷ್ಟ್ರ ಸರಕಾರದ ಮಹಿಳಾ ಮತ್ತು ಮಕ್ಕಳ ಇಲಾಖೆ ಈ ವಿಭಾಗಗಳನ್ನು ತನ್ನ ವ್ಯವಸ್ಥೆಯ ಅಂಗವಾಗಿ ಸ್ವೀಕರಿಸಿತು. ಬೇರೆ ರಾಜ್ಯಗಳೂ ಈ ಮಾದರಿಯನ್ನು ಅನುಸರಿಸಿದುವು.

ಮತ್ತೊಂದು ಉದಾಹರಣೆ ಓದುಗರಲ್ಲಿ ಅನೇಕರಿಗೆ ಗೊತ್ತಿರುವಂಥದು. ಈ ಸಂಸ್ಥೆಯಲ್ಲಿ ಪಾಠ ಹೇಳುತ್ತಿದ್ದ ಜೆರೂ ಬಿಲ್ಲಿಮೋರಿಯಾ ಅವರು ರೈಲ್ವೆ ನಿಲ್ದಾಣಗಳಲ್ಲೂ ಬೀದಿಗಳಲ್ಲೂ ಇರುವ ಮಕ್ಕಳೊಡನೆ ಕೆಲಸ ಮಾಡುತ್ತಿದ್ದರು. ಏನಾದರೂ ಆದರೆ ಫೋನು ಮಾಡಿ ಎಂದು ಆ ಮಕ್ಕಳಿಗೆ ತಮ್ಮ ನಂಬರು ಕೊಟ್ಟಿದ್ದರು. ಒಬ್ಬನಿಗೆ ಜ್ವರ, ಇನ್ನೊಬ್ಬನಿಗೆ ಪೆಟ್ಟು, ಮತ್ತೊಬ್ಬನನ್ನು ಪೋಲೀಸರು ಹಿಡಿದಿದ್ದಾರೆ ಎಂದು ರಾತ್ರಿ ಹೊತ್ತಿನಲ್ಲಿ ಕರೆ ಬರತೊಡಗಿತು. ಬೀದಿಯ ಮಗುವಿಗೆ ಬೇಕಾದುದು ರಾತ್ರಿ ಎಚ್ಚರವಿರುವ ಒಂದು ದನಿ ಎಂಬುದು ಇದರಿಂದ ತಿಳಿಯಿತು. 1996ರಲ್ಲಿ ಚೈಲ್ಡ್‌ಲೈನ್ ಎಂಬ ಫೋನ್ ಸೇವೆ ಸಂಸ್ಥೆಯ ಆಶ್ರಯದಲ್ಲಿ ಆರಂಭವಾಯಿತು. ಅದರ ನಂಬರು 1098. ಹತ್ತು, ಒಂಬತ್ತು, ಎಂಟು ಎಂದು ಹಿಂದಿಯಲ್ಲಿ ಇಳಿಯೆಣಿಕೆಯಾಗಿ ಹೇಳಿದರೆ ಅಕ್ಷರ ಬಾರದ ಮಗುವಿಗೂ ಬಾಯಿಪಾಠವಾಗುತ್ತದೆ. 1999ರಲ್ಲಿ ಇದಕ್ಕಾಗಿ ರಾಷ್ಟ್ರಮಟ್ಟದ ಪ್ರತಿಷ್ಠಾನ ರೂಪುಗೊಂಡು ಸೇವೆ ದೇಶದ ನಾನಾ ಕಡೆಗೆ ಹಬ್ಬಿತು. 2023ರಲ್ಲಿ ಕೇಂದ್ರ ಸರಕಾರವು ಇದನ್ನು ನೇರವಾಗಿ ತನ್ನ ಆಡಳಿತಕ್ಕೆ ತೆಗೆದುಕೊಂಡು, 112 ಎಂಬ ತುರ್ತು ಕರೆಯ ವ್ಯವಸ್ಥೆಯೊಡನೆ ಜೋಡಿಸಲು ತೊಡಗಿತು. ಇಂದು ನಮ್ಮ ಊರಿನ ಶಾಲೆಯ ಗೋಡೆಯಲ್ಲಿ ಕಾಣುವ ಆ ನಾಲ್ಕು ಅಂಕೆಗಳು ಬಂದುದು ಮುಂಬಯಿಯ ಬೀದಿಮಕ್ಕಳಿಂದ.

ಬೀದಿಬದಿಯವರ ಜನಗಣತಿ

ನಾಗಪಾಡಕ್ಕೆ ಮತ್ತೆ ಬರೋಣ. 1981ರ ಜುಲೈಯಲ್ಲಿ ಮಹಾರಾಷ್ಟ್ರ ಸರಕಾರವು ಮುಂಬಯಿಯ ಕಾಲುದಾರಿಗಳಲ್ಲಿ ವಾಸಿಸುವವರನ್ನು ಎಬ್ಬಿಸಿ ಅವರವರ ಊರಿಗೆ ಕಳುಹಿಸುವುದಾಗಿ ಸಾರಿತು. ಮಳೆಗಾಲದ ನಡುವಿನಲ್ಲಿ ಬಿಡಾರಗಳನ್ನು ಕಿತ್ತು ಹಾಕಿದರು. ಓಲ್ಗಾ ಟೆಲಿಸ್ ಎಂಬ ಪತ್ರಕರ್ತೆ ಮತ್ತಿತರರು ಸುಪ್ರೀಂ ಕೋರ್ಟಿಗೆ ಹೋದರು. 1985ರ ಜುಲೈಯಲ್ಲಿ ಬಂದ ತೀರ್ಪಿನಲ್ಲಿ ಕೋರ್ಟು, ಜೀವಿಸುವ ಹಕ್ಕಿನಲ್ಲಿ ಜೀವನೋಪಾಯದ ಹಕ್ಕೂ ಸೇರಿದೆ ಎಂದಿತು. ಆದರೆ ಮುಂಚಿತವಾಗಿ ನೋಟೀಸು ಕೊಟ್ಟು ಎಬ್ಬಿಸಲು ಅಡ್ಡಿಯಿಲ್ಲವೆಂದೂ ಹೇಳಿತು.

ಈ ಬೀದಿಬದಿಯ ಜನ ಯಾರು? ಎಲ್ಲಿಂದಲೋ ಬಂದು ಎಲ್ಲಿಗೋ ಹೋಗುವವರು, ಕಳ್ಳಕಾಕರು, ಭಿಕ್ಷುಕರು ಎಂದು ನಗರ ಅಂದುಕೊಂಡಿತ್ತು. ಟಾಟಾ ಸಂಸ್ಥೆಯಲ್ಲಿ ಓದಿ, ನಾಗಪಾಡದ ನೆರೆಕರೆ ಮನೆಯಲ್ಲಿ ದುಡಿದ ಶೀಲಾ ಪಟೇಲ್ ಅವರೂ ಅವರ ಸಂಗಡಿಗರೂ 1984ರಲ್ಲಿ ಸ್ಪಾರ್ಕ್ ಎಂಬ ಸಂಸ್ಥೆಯನ್ನು ಕಟ್ಟಿಕೊಂಡು, ಬೈಕಲಾದ ಬೀದಿಬದಿಯ ಹೆಂಗಸರನ್ನೇ ಜೊತೆಗೂಡಿಸಿಕೊಂಡು ಸುಮಾರು 6,000 ಕುಟುಂಬಗಳ ಗಣತಿ ಮಾಡಿದರು. ನಾವು ಕಣ್ಣಿಗೆ ಬೀಳದವರು ಎಂಬ ಅರ್ಥದ ಹೆಸರಿನಲ್ಲಿ 1985ರಲ್ಲಿ ಅದರ ವರದಿ ಹೊರಬಂತು. ಅಲ್ಲಿದ್ದವರು ಬಹುಕಾಲದಿಂದ ಅದೇ ಜಾಗದಲ್ಲಿ ನೆಲೆಸಿದ್ದ ದುಡಿಯುವ ಸಂಸಾರಗಳು; ಕೆಲಸಕ್ಕೆ ನಡೆದು ಹೋಗುವಷ್ಟು ಹತ್ತಿರ ಇರಬೇಕಾದುದರಿಂದ, ಬಸ್ಸು ರೈಲಿಗೆ ಕೊಡುವಷ್ಟು ಕೂಲಿ ಇಲ್ಲದುದರಿಂದ, ಅಲ್ಲಿದ್ದರು. ಇದನ್ನು ವಿದ್ವಾಂಸರಷ್ಟೇ ಎಣಿಸಿದ್ದರೆ ಒಂದು ಪುಸ್ತಕವಾಗುತ್ತಿತ್ತು. ಎಣಿಸಲ್ಪಟ್ಟವರೂ ಎಣಿಸುವುದರಲ್ಲಿ ಸೇರಿದ್ದರಿಂದ, ಅಧಿಕಾರಿಗಳ ಮುಂದೆ ತಮ್ಮ ಲೆಕ್ಕವನ್ನು ತಾವೇ ಹೇಳಬಲ್ಲ ಹೆಂಗಸರ ಕೂಟವೂ ಹುಟ್ಟಿಕೊಂಡಿತು. ಅದಕ್ಕೆ ಮಹಿಳಾ ಮಿಲನ್ ಎಂದು ಹೆಸರು.

ದೀಪದ ಕೆಳಗೆ ಕತ್ತಲೆ

ಇಷ್ಟನ್ನು ಮಾಡಿದ ಸಂಸ್ಥೆಯ ಪಾಗಾರದ ಆಚೆ ಏನಿತ್ತು? ದೇವನಾರವು ಮುಂಬಯಿ ಮಹಾನಗರ ಪಾಲಿಕೆಯ ಎಂ-ಪೂರ್ವ ವಾರ್ಡಿಗೆ ಸೇರಿದೆ. ಇಡೀ ನಗರದ ಕಸವನ್ನು 1927ರಿಂದಲೂ ತಂದು ಸುರಿಯುತ್ತಿದ್ದ ಗುಡ್ಡ ಅಲ್ಲಿದೆ. ಕಸಾಯಿಖಾನೆ ಅಲ್ಲಿದೆ. ನಗರದ ಬೇರೆ ಕಡೆಗಳಿಂದ ಎಬ್ಬಿಸಿದವರನ್ನು ತಂದು ಬಿಟ್ಟ ಕಾಲನಿಗಳು ಅಲ್ಲಿವೆ. 2011ರ ಜನಗಣತಿಯಂತೆ ಆ ವಾರ್ಡಿನ ಜನಸಂಖ್ಯೆ 8 ಲಕ್ಷಕ್ಕೂ ಮಿಕ್ಕಿತ್ತು. 2009ರಲ್ಲಿ ಹೊರಬಂದ ಮುಂಬಯಿ ಮಾನವ ಅಭಿವೃದ್ಧಿ ವರದಿ ನಗರದ ಎಲ್ಲ ವಾರ್ಡುಗಳನ್ನು ಸೊನ್ನೆಯಿಂದ ಒಂದರ ಅಳತೆಗೋಲಿನಲ್ಲಿ ಅಳೆದಾಗ ತೀರ ಕೊನೆಯಲ್ಲಿ ನಿಂತುದು ಈ ವಾರ್ಡೇ. ಅದಕ್ಕೆ ಸಿಕ್ಕ ಅಂಕ 0.05. ಅರ್ಧ ಶತಮಾನಕ್ಕೂ ಹೆಚ್ಚು ಕಾಲ ದೇಶಕ್ಕೆಲ್ಲ ಸಮಾಜಕಾರ್ಯ ಕಲಿಸಿದ ವಿದ್ಯಾಪೀಠದ ನೆರೆಕರೆ ನಗರದಲ್ಲೇ ಅತ್ಯಂತ ಹಿಂದುಳಿದ ನೆರೆಕರೆಯಾಗಿತ್ತು.

ಇದನ್ನು ಸಂಸ್ಥೆ ಮುಚ್ಚಿಡಲಿಲ್ಲವೆಂಬುದು ಮೆಚ್ಚತಕ್ಕ ಸಂಗತಿ. 2011ರಲ್ಲಿ ತನ್ನ 75ನೆಯ ವರ್ಷದ ಸಂದರ್ಭದಲ್ಲಿ ಅದು ಎಂ-ವಾರ್ಡ್ ಯೋಜನೆಯನ್ನು ಕೈಗೊಂಡಿತು. ವಿದ್ಯಾರ್ಥಿಗಳೂ ಅಧ್ಯಾಪಕರೂ ಗಲ್ಲಿಗಲ್ಲಿಗೆ ಹೋಗಿ ಮನೆಮನೆಯ ಸಮೀಕ್ಷೆ ಮಾಡಿದರು. ನೀರು ಎಷ್ಟು ದೂರದಿಂದ ಬರುತ್ತದೆ, ಕೊಡಕ್ಕೆ ಎಷ್ಟು ಕೊಡಬೇಕು, ಕಕ್ಕಸು ಎಷ್ಟು ಜನಕ್ಕೊಂದು, ಮಕ್ಕಳು ಯಾವ ತರಗತಿಯಲ್ಲಿ ಶಾಲೆ ಬಿಡುತ್ತಾರೆ ಎಂಬ ಪ್ರಶ್ನೆಗಳು ಅವು. ಊರಿನ ತರುಣ ತರುಣಿಯರನ್ನೂ ಪಾಲಿಕೆಯನ್ನೂ ಒಟ್ಟಿಗೆ ಕೂರಿಸುವ ಪ್ರಯತ್ನವೂ ನಡೆಯಿತು.

ವಾರ್ಡು ಇದರಿಂದ ಬದಲಾಯಿತೇ ಎಂದು ಓದುಗರು ಕೇಳಬಹುದು. 2016ರ ಜನವರಿ ಕೊನೆಗೆ ದೇವನಾರದ ಕಸದ ಗುಡ್ಡಕ್ಕೆ ಬೆಂಕಿ ಬಿದ್ದು ದಿನಗಟ್ಟಲೆ ಹೊಗೆ ಕವಿದು ಶಾಲೆಗಳನ್ನು ಮುಚ್ಚಬೇಕಾಯಿತು. 2018ರಲ್ಲಿ ಡಾಕ್ಟರ್ಸ್ ಫಾರ್ ಯೂ ಎಂಬ ವೈದ್ಯರ ಸಂಘಟನೆಯೂ ಮುಂಬಯಿ ಐ.ಐ.ಟಿ.ಯ ತಜ್ಞರೂ ಸೇರಿ ಅಲ್ಲಿಯ ಪುನರ್ವಸತಿ ಕಾಲನಿಗಳನ್ನು ಅಧ್ಯಯನ ಮಾಡಿದರು. ಲಲ್ಲೂಭಾಯಿ ಕಂಪೌಂಡು, ನಟವರ್ ಪಾರೇಖ್ ಕಂಪೌಂಡು ಎಂಬಲ್ಲಿ ಎತ್ತರದ ಕಟ್ಟಡಗಳನ್ನು ಒಂದಕ್ಕೊಂದು ಅಂಟಿಸಿದಂತೆ ಕಟ್ಟಿದ್ದರಿಂದ ಕೆಳಗಿನ ಮಹಡಿಗಳಿಗೆ ಬಿಸಿಲೂ ಗಾಳಿಯೂ ಬಾರದೆ, ಅಲ್ಲಿಯವರಿಗೆ ಕ್ಷಯರೋಗ ಹೆಚ್ಚು ತಗಲುತ್ತಿದೆ ಎಂದು ಆ ಅಧ್ಯಯನದಿಂದ ಕಂಡುಬಂತು. ಕಟ್ಟಡಗಳ ನಡುವೆ ಸಾಕಷ್ಟು ಅಂತರವಿದ್ದ ಇನ್ನೊಂದು ಕಾಲನಿಯಲ್ಲಿ ರೋಗ ತೀರ ಕಡಿಮೆ. ಪ್ಲೇಗಿನ ಕಾಲದ ಚಾಳಿನ ಪಾಠವನ್ನು ನೂರಿಪ್ಪತ್ತು ವರ್ಷಗಳ ಬಳಿಕವೂ ನಗರ ಕಲಿತಿಲ್ಲವೆಂದು ಹೇಳಬೇಕಾಗಿದೆ. ಗುಡಿಸಲಿಗೆ ಬದಲು ಸಿಮೆಂಟಿನ ಮನೆ ಕೊಟ್ಟರೆ ನ್ಯಾಯ ಸಂದಿತೆಂದು ತಿಳಿಯುವ ಅಧಿಕಾರಿಗಳ ಕೈಯಲ್ಲಿ ಇಂಥ ಅಧ್ಯಯನ ಇರಬೇಕು. ಅಂಗಳದ ಅಗಲವೂ ಆರೋಗ್ಯದ ಪ್ರಶ್ನೆಯೇ ಎಂದು ಗೆಡಿಸ್ ಹೇಳಿದ್ದನ್ನು ಇಲ್ಲಿ ಅಂಕಿ ಅಂಶಗಳೇ ಹೇಳುತ್ತಿವೆ.

ಲೆಕ್ಕ ಬರೆದವರ ಸಾಕ್ಷಿ

ವಿಶ್ವವಿದ್ಯಾನಿಲಯದ ವರದಿಗೆ ಎಷ್ಟು ಶಕ್ತಿ ಇರಬಹುದೆಂಬುದಕ್ಕೆ ಬಿಹಾರದ ಒಂದು ಪ್ರಕರಣ ಸಾಕ್ಷಿ. ನಿರ್ಗತಿಕರೊಡನೆ ಕೆಲಸ ಮಾಡಲು ಟಾಟಾ ಸಂಸ್ಥೆ 2006ರಲ್ಲಿ ಕೋಶಿಶ್ ಎಂಬ ಯೋಜನೆಯನ್ನು ಆರಂಭಿಸಿತ್ತು. ಆ ತಂಡಕ್ಕೆ ಬಿಹಾರ ಸರಕಾರವು ರಾಜ್ಯದ 110 ಆಶ್ರಯಧಾಮಗಳ ಸಾಮಾಜಿಕ ಲೆಕ್ಕಪರಿಶೋಧನೆಯನ್ನು ವಹಿಸಿತು. ಮುಜಫ್ಫರ್‌ಪುರದ ಬಾಲಿಕಾಗೃಹವೊಂದರಲ್ಲಿ ಹೆಣ್ಣುಮಕ್ಕಳ ಮೇಲೆ ಅತ್ಯಾಚಾರ ನಡೆಯುತ್ತಿದೆ ಎಂಬ ಘೋರ ಸಂಗತಿ 2018ರಲ್ಲಿ ಆ ವರದಿಯಿಂದ ಬಯಲಾಯಿತು. ಅಲ್ಲಿಗೆ ಅದಕ್ಕೆ ಮೊದಲೂ ಸರಕಾರಿ ಅಧಿಕಾರಿಗಳು ತಪಾಸಣೆಗೆ ಹೋಗುತ್ತಿದ್ದರು. ಮಕ್ಕಳ ಬಳಿ ಕುಳಿತು ಮಾತು ಕೇಳಿದವರು ಈ ತಂಡದವರು. 2020ರ ಆರಂಭದಲ್ಲಿ ದೆಹಲಿಯ ನ್ಯಾಯಾಲಯವು 19 ಮಂದಿಯನ್ನು ತಪ್ಪಿತಸ್ಥರೆಂದು ತೀರ್ಮಾನಿಸಿ ಶಿಕ್ಷೆ ವಿಧಿಸಿತು.

ಇಂಥ ಕೆಲಸ ನಡೆಯುವುದು ಯಾರ ಹಣದಿಂದ ಎಂಬುದನ್ನೂ ಕೇಳಬೇಕಾಗಿದೆ. ಠಾಣೆಯ ಕೋಣೆಯಲ್ಲಿ ಕೂರುವವರು, ಸೆರೆಮನೆಗೆ ಹೋಗುವವರು, ಝೋಪಡಪಟ್ಟಿಯಲ್ಲಿ ವರ್ಷಗಟ್ಟಲೆ ಇರುವವರು ಬಹುಪಾಲು ಗುತ್ತಿಗೆಯ ನೌಕರರು. ಒಂದು ಟ್ರಸ್ಟಿನ ಅನುದಾನ, ಒಂದು ಇಲಾಖೆಯ ಮಂಜೂರಾತಿ ಇದ್ದಷ್ಟು ದಿನ ಅವರ ಸಂಬಳ. 2024ರ ಜೂನ್ ಕೊನೆಗೆ ಟಾಟಾ ಸಂಸ್ಥೆಯ ನಾನಾ ಕೇಂದ್ರಗಳಲ್ಲಿ ಗುತ್ತಿಗೆಯ ಮೇಲಿದ್ದ ನೂರಕ್ಕೂ ಮಿಕ್ಕ ಅಧ್ಯಾಪಕರಿಗೂ ಸಿಬ್ಬಂದಿಗೂ ಕೆಲಸ ಮುಗಿಯಿತೆಂಬ ಪತ್ರ ಬಂತು. ಟಾಟಾ ಎಜುಕೇಶನ್ ಟ್ರಸ್ಟಿನಿಂದ ಬರಬೇಕಾದ ಹಣಕ್ಕೆ ಖಾತ್ರಿಯಿಲ್ಲದಿದ್ದುದೇ ಅದಕ್ಕೆ ಕಾರಣ. ಕೆಲವೇ ದಿನಗಳಲ್ಲಿ ಟ್ರಸ್ಟಿನ ಭರವಸೆ ದೊರೆತು ಆ ಪತ್ರಗಳನ್ನು ಹಿಂದಕ್ಕೆ ಪಡೆದರು. ಗಂಡಾಂತರ ಆ ಹೊತ್ತಿಗೆ ತಪ್ಪಿತು. ಆದರೆ ಎಂಟು ದಶಕಗಳಿಗೂ ಮಿಕ್ಕಿ ಬಾಳಿದ ಸಂಸ್ಥೆಯಲ್ಲೂ ಈ ಕೆಲಸ ಎಂಥ ತೆಳುವಾದ ದಾರದ ಮೇಲೆ ನಿಂತಿದೆ ಎಂಬುದು ಎಲ್ಲರಿಗೂ ಕಂಡಿತು. ತರಗತಿಯ ಪಾಠಕ್ಕೆ ಖಾಯಂ ಹುದ್ದೆ, ಕ್ಷೇತ್ರದ ಪಾಠಕ್ಕೆ ವರ್ಷಾವಧಿಯ ಗುತ್ತಿಗೆ ಎಂಬ ಭೇದ ಇರುವಷ್ಟು ಕಾಲ, ಮರಳಿ ಬರುತ್ತೇನೆಂದು ಬಡವನಿಗೆ ಕೊಟ್ಟ ಮಾತನ್ನು ಉಳಿಸಿಕೊಳ್ಳುವುದು ಕಷ್ಟ.

ನಮ್ಮ ಮನೆಬಾಗಿಲಿಗೆ

ಇದೆಲ್ಲ ಮುಂಬಯಿಯ ಮಾತು, ನಮಗೇನು ಎಂದು ಯಾರೂ ಅನ್ನಬೇಕಾಗಿಲ್ಲ. ಮಂಗಳೂರಿನ ರೋಶನಿ ನಿಲಯ ಸಮಾಜಕಾರ್ಯ ಶಾಲೆ 1960ರಿಂದ ನಡೆಯುತ್ತಿದೆ. 2009ರಲ್ಲಿ ಸ್ಥಾಪನೆಯಾದ ಕೇರಳ ಕೇಂದ್ರೀಯ ವಿಶ್ವವಿದ್ಯಾನಿಲಯ ನಮ್ಮ ಜಿಲ್ಲೆಯ ಪೆರಿಯದಲ್ಲೇ ಇದೆ. ಅಲ್ಲಿಯೂ ಸಮಾಜಕಾರ್ಯದ ವಿಭಾಗವಿದೆ. ಕಾಸರಗೋಡು ಪೇಟೆ ಬೆಳೆಯುತ್ತಿದೆ. ಕಸ ಎಲ್ಲಿ ಹಾಕಬೇಕು, ಕಡಲ ಕರೆಯ ಮನೆಗಳಿಗೆ ಬೇಸಗೆಯಲ್ಲಿ ನೀರು ಎಲ್ಲಿಂದ, ಉತ್ತರ ದೇಶದಿಂದ ಕೂಲಿಗೆ ಬಂದವರು ಒಂದು ಕೋಣೆಯಲ್ಲಿ ಎಷ್ಟು ಮಂದಿ ಮಲಗುತ್ತಾರೆ ಎಂಬ ಪ್ರಶ್ನೆಗಳು ಇಲ್ಲಿಯೂ ಇವೆ. ಹಿಂದೆ ನಮ್ಮವರು ಮುಂಬಯಿಯಲ್ಲಿ ಇದ್ದಂತೆ ಇಂದು ಬಿಹಾರ, ಬಂಗಾಳದವರು ನಮ್ಮ ಊರಿನಲ್ಲಿದ್ದಾರೆ.

ಸಮೀಕ್ಷೆ ಎಂದರೇನೆಂಬುದು ಈ ಜಿಲ್ಲೆಯವರಿಗೆ ಹೇಳಿಕೊಡಬೇಕಾಗಿಲ್ಲ. ಗೇರುತೋಟಗಳಲ್ಲಿ 2000ನೇ ಇಸವಿಯ ವರೆಗೆ ಆಕಾಶದಿಂದ ಸಿಂಪಡಿಸಿದ ಎಂಡೋಸಲ್ಫಾನಿನಿಂದ ನರಳಿದ ಮನೆಗಳಿಗೆ ಎಷ್ಟೋ ತಂಡಗಳು ಬಂದುವು. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯ ಅಧ್ಯಯನದಂಥವು ಹೋರಾಟಕ್ಕೆ ಬಲ ಕೊಟ್ಟುವು. 2011ರಲ್ಲಿ ಸುಪ್ರೀಂ ಕೋರ್ಟು ಆ ವಿಷವನ್ನು ನಿಷೇಧಿಸಿತು. 2017ರಲ್ಲಿ ಬಾಧಿತರಿಗೆ ತಲಾ 5 ಲಕ್ಷ ರೂಪಾಯಿ ಕೊಡಲು ಆಜ್ಞೆ ಮಾಡಿತು. ವಿದ್ಯೆಯಿಂದ ನ್ಯಾಯ ಸಿಗುವುದುಂಟು ಎಂಬುದಕ್ಕೆ ನಾವು ದೂರ ಹೋಗಬೇಕಾಗಿಲ್ಲ. ಆದರೆ ಹೆಸರು, ಪ್ರಾಯ, ಕಾಯಿಲೆ ಬರೆದುಕೊಂಡು ಹೋದವರಲ್ಲಿ ಮರಳಿ ಬಂದವರೆಷ್ಟು ಎಂದು ಆ ತಾಯಂದಿರನ್ನು ಕೇಳಿದರೆ ಉತ್ತರ ಬೇರೆಯಾಗಬಹುದು.

ಆದುದರಿಂದ ನಮ್ಮ ನೆರೆಯ ವಿದ್ಯಾಪೀಠಗಳಲ್ಲಿ ಮೂರು ಮಾತುಗಳನ್ನು ವಿನಂತಿಸುತ್ತೇವೆ. ಒಂದನೆಯದು, ಮನೆಗೆ ಬರುವ ವಿದ್ಯಾರ್ಥಿಯ ಪ್ರಶ್ನಾವಳಿ ಆ ಮನೆಯವರ ಭಾಷೆಯಲ್ಲಿರಲಿ. ಕನ್ನಡ, ತುಳು, ಕೊಂಕಣಿ, ಮರಾಟಿ, ಬ್ಯಾರಿ, ಮಲಯಾಳ ಇವೆಲ್ಲ ಒಂದೇ ಗ್ರಾಮದಲ್ಲಿ ಕೇಳಿಬರುವ ಜಿಲ್ಲೆ ಇದು. ತನಗೆ ತಿಳಿಯದ ಭಾಷೆಯ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದವನ ಉತ್ತರವನ್ನು ಸಂಶೋಧನೆಯೆಂದು ಕರೆಯಲಾಗದು. ಎರಡನೆಯದು, ಬರೆದುಕೊಂಡುದರ ಸಾರಾಂಶವನ್ನು ಅದೇ ಭಾಷೆಯಲ್ಲಿ ಅದೇ ಊರಿನ ಪಂಚಾಯತಿನಲ್ಲಿ, ವಾಚನಾಲಯದಲ್ಲಿ ಓದಿ ಹೇಳಲಿ. ಮೂರನೆಯದು, ಬಂದವರು ಮತ್ತೆ ಬರಲಿ. ಒಂದು ತಂಡ ಪದವಿ ಪಡೆದು ಹೋದ ಮೇಲೆ ಮುಂದಿನ ತಂಡ ಅದೇ ಕೇರಿಯಲ್ಲಿ ಕೆಲಸ ಮುಂದುವರಿಸಲಿ.

ಪಂಚಾಯತು, ನಗರಸಭೆಗಳಿಗೂ ನಮ್ಮ ಒಂದು ಮಾತಿದೆ. ನಿಮ್ಮ ಊರಿನ ಕಸ, ನೀರು, ವಸತಿಯ ಲೆಕ್ಕವನ್ನು ಬರೆಯಲು ಸಿದ್ಧರಿರುವ ತರುಣರು ಕೂಗಳತೆಯಲ್ಲಿದ್ದಾರೆ. ಅವರನ್ನು ಕರೆಯಲು ಒಂದು ಕಾಗದ ಸಾಕು. ಅವರು ತಂದಿಟ್ಟ ಲೆಕ್ಕ ನಿಮಗೆ ಹಿತವಾಗದಿದ್ದರೂ ಅದನ್ನು ಸಭೆಯಲ್ಲಿ ಓದಿಸಿ, ನಡವಳಿ ಪುಸ್ತಕದಲ್ಲಿ ದಾಖಲಿಸಿ. ಈ ಅಧ್ಯಯನ ವರ್ಷದಲ್ಲಿ ಒಂದು ಪಂಚಾಯತಾದರೂ ಹೀಗೆ ಮಾಡಿದರೆ ಅದರ ವರದಿಯನ್ನು ನಮ್ಮ ಪತ್ರಿಕೆಯಲ್ಲಿ ಸಂತೋಷದಿಂದ ಪ್ರಕಟಿಸುವೆವು.